ಬಲೆಗೆ ಸಿಕ್ಕಿದ ಕೇರೆ ಹಾವು

ನಮ್ಮದು ತೀರ್ಥಹಳ್ಳಿ ಕಡೆ 2 ಎಕರೆ ಗದ್ದೆ. ಭತ್ತ ತೆನೆ ಬಿಡುವ ಹೊತ್ತಿಗೆ ಇಲಿಗಳು ಬದುವಿನ ಬಿಲದಿಂದ ಹೊರಟು ಬುಡ ಕತ್ತರಿಸಿ ಹಾಕುತ್ತಿದ್ದವು. ಪ್ರತಿ ವರ್ಷ ಪಾಷಾಣ ಇಡುತ್ತಿದ್ದೆ.

ಒಂದು ಬೆಳಿಗ್ಗೆ ತರಕಾರಿ ಮಡಿ ಸುತ್ತ ಕಟ್ಟಿದ್ದ ನೈಲಾನ್ ಬಲೆಯಲ್ಲಿ ದೊಡ್ಡ ಹಾವೊಂದು ಸಿಕ್ಕಿಕೊಂಡಿತ್ತು. ಹತ್ತಿರ ಹೋದರೆ ಕುತ್ತಿಗೆ ಉಬ್ಬಿಸಿ ಗುರ್ ಎಂದಿತು. ಪಕ್ಕದ ಮನೆಯವರು ನಾಗರ ಎಂದುಕೊಂಡು ದೊಣ್ಣೆ ತಂದರು. ಹೆಡೆ ಇರಲಿಲ್ಲ. ದೊಡ್ಡ ದುಂಡು ಕಣ್ಣು, ತುಟಿ ಮೇಲೆ ಕಪ್ಪು ಗೆರೆಗಳು, ಬಾಲದ ಕಡೆ ಕಪ್ಪು ಪಟ್ಟಿ. ಕೇರೆ ಹಾವು! ವಿಷ ಇಲ್ಲದ್ದು. ಆದರೂ ದೂರದಿಂದ ನೋಡಿ ಗುರುತು ತಪ್ಪಬಹುದು, ಕೈ ಹಾಕುವುದು ಬೇಡ ಎಂದು ಹಾವು ಹಿಡಿಯುವವರನ್ನೇ ಕರೆದೆ.

ಅವರು ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಹಿಡಿದುಕೊಂಡರು. ಕತ್ತರಿ ನನ್ನ ಕೈಗೆ ಕೊಟ್ಟರು. "ಹಿಂದಕ್ಕೆ ಎಳೀಬೇಡಿ ಅಣ್ಣಾ, ದಾರ ಹುರುಪೆ ಸಂದಿಗೆ ಸಿಕ್ಕಿ ಕೀಳುತ್ತೆ" ಎಂದರು. ಒಂದೊಂದೇ ಎಳೆ ಕತ್ತರಿಸಲು ಅರ್ಧ ಗಂಟೆ ಹಿಡಿಯಿತು. ಕುತ್ತಿಗೆ ಹತ್ತಿರ ದಾರ ಚರ್ಮಕ್ಕೆ ಇಳಿದಿತ್ತು. ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು. ಬಿಟ್ಟ ಕೂಡಲೇ ಬದು ದಾಟಿ ಹೋಯಿತು.

ಆ ದಿನವೇ ಬಲೆ ಬಿಚ್ಚಿ ಬಿದಿರಿನ ಬೇಲಿ ಕಟ್ಟಿದೆ. ಪಾಷಾಣವನ್ನೂ ಬಿಟ್ಟೆ. ವಿಷ ತಿಂದ ಇಲಿಯನ್ನು ಹಾವು ತಿಂದರೆ ಅದೂ ಸಾಯಬಹುದು ಅಲ್ವಾ?

ಆಮೇಲೆ ಸುಮ್ನೆ ಗಮನಿಸುತ್ತಾ ಹೋದೆ. ಕೇರೆ ಹಗಲಿನ ಹಾವು. ಹೆಬ್ಬಾವಿನ ಹಾಗೆ ಸುತ್ತಿ ಬಿಗಿಯುವುದಿಲ್ಲ, ಇಲಿಯನ್ನು ಮೈಯಿಂದ ನೆಲಕ್ಕೆ ಒತ್ತಿ ನುಂಗುತ್ತದೆ. ಕಪ್ಪೆ, ಹಕ್ಕಿ ಕೂಡ ತಿನ್ನುತ್ತದೆ. ಕೋಳಿಮರಿ ಗೂಡಿನ ಬಾಗಿಲು ಮಾತ್ರ ಭದ್ರವಾಗಿರಲಿ. ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುತ್ತದೆ ಎನ್ನುವುದು ಸುಳ್ಳು. ಹೀರುವಂಥ ತುಟಿಯೇ ಹಾವಿಗಿಲ್ಲ.

ಒಮ್ಮೆ ಮಳೆಗಾಲದ ಮುಂಚೆ ಎರಡು ಕೇರೆಗಳು ಹಗ್ಗದಂತೆ ಹೆಣೆದುಕೊಂಡು ತಲೆಯೆತ್ತಿ ಒಂದನ್ನೊಂದು ಕೆಳಕ್ಕೆ ಒತ್ತುತ್ತಿದ್ದವು. ನಾಗರವೂ ಕೇರೆಯೂ ಕೂಡುತ್ತಿವೆ ಎಂದು ಜನ ಕೈಮುಗಿದರು. ಅದು ಎರಡು ಗಂಡುಗಳ ಕುಸ್ತಿ. ಸೋತದ್ದು ಸರಸರ ಓಡಿಹೋಯಿತು.

ಮೊನ್ನೆ ಕೊಟ್ಟಿಗೆ ಹಿಂದಿನ ಕಲ್ಲಿನ ರಾಶಿಯಲ್ಲಿ ಪೊರೆ ಸಿಕ್ಕಿತು. ಅಳೆದೆ, ಹತ್ತಿರ ಹತ್ತಿರ 8 ಅಡಿ. ಪೊರೆ ಹಿಗ್ಗುತ್ತದೆ, ಹಾವು ಅಷ್ಟು ಉದ್ದ ಇರಲಿಕ್ಕಿಲ್ಲ. ಆ ಕಲ್ಲುಗಳನ್ನು ತೆಗೆಯಬೇಡಿ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.