ನಾಲ್ಕಕ್ಕೆ ಹೊರಡಿ, ಹನ್ನೊಂದಕ್ಕೆ ನಿಲ್ಲಿ: ಬೇಸಿಗೆಯ ಜಪಾನಿನಲ್ಲಿ ಜೋಡಿ ಸೈಕಲ್

ಸಕಾತಾ ಊರು ಇನ್ನೂ ಹನ್ನೆರಡು ಕಿಲೋಮೀಟರ್ ದೂರವಿತ್ತು. ಜುಲೈ ತಿಂಗಳು, ಮಧ್ಯಾಹ್ನ ಒಂದೂವರೆ. ಎರಡೂ ಕಡೆ ಭತ್ತದ ಗದ್ದೆ. ನಮ್ಮ ತೀರ್ಥಹಳ್ಳಿ ಕಡೆಯ ಗದ್ದೆಯಾಗಿದ್ದರೆ ಅಂಚಿಗೊಂದು ಮಾವಿನ ಮರವೋ ಪಕ್ಕದಲ್ಲೇ ಅಡಿಕೆ ತೋಟವೋ ಇರುತ್ತಿತ್ತು. ಆ ಶೋನಾಯ್ ಬಯಲಲ್ಲಿ ನೆರಳೆಂದರೆ ಕರೆಂಟ್ ಕಂಬದ್ದು ಮಾತ್ರ. ನನಗೆ ಬೆವರುವುದು ನಿಂತುಹೋಗಿತ್ತು. ಮುಂದಿನಿಂದ ನಮ್ಮವರು “ಎಷ್ಟಾಯ್ತೇ?” ಎಂದು ಕೂಗಿದರು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಹ್ಯಾಂಡಲ್ ಮೇಲಿನ ಮೀಟರಿನ ಎರಡಂಕಿ ಓದಲಾಗಲಿಲ್ಲ.

ಅವರು ಗಾಬರಿಯಾಗಿ ನನ್ನನ್ನು ಒಂದು ಕೊಂಬಿನಿಗೆ (ದಿನವಿಡೀ ತೆರೆದಿರುವ ಅಂಗಡಿಗೆ ಅಲ್ಲಿನವರ ಹೆಸರು) ಹೊಗಿಸಿ, ಎರಡು ಪೊಟ್ಟಣ ಐಸ್ ಕೊಂಡು ಕುತ್ತಿಗೆಗೊಂದು, ಕಂಕುಳಿಗೊಂದು ಒತ್ತಿಹಿಡಿದು ಕೂತರು. ಮುಕ್ಕಾಲು ಗಂಟೆಯ ಮೇಲೆ ನಾನು ಮನುಷ್ಯಳಾದೆ. ಆಗದಿದ್ದರೆ 119ಕ್ಕೆ ಫೋನ್ ಮಾಡುವುದಿತ್ತು. ಅಲ್ಲಿ ಆಂಬುಲೆನ್ಸಿನ ಸಂಖ್ಯೆ ಅದು. ಅವತ್ತು ಸಂಜೆ ನಾವು ಮಾಡಿಕೊಂಡ ನಿಯಮವೇ ಈ ಲೇಖನದ ತಲೆಬರಹ.

ನೀಗಾತದಿಂದ ಹೊರಟು ಜಪಾನ್ ಸಮುದ್ರದ ದಂಡೆ ಹಿಡಿದು ಅವೊಮೊರಿ, ಅಲ್ಲಿಂದ ಹಡಗಿನಲ್ಲಿ ಹಕೊದಾತೆ, ಆಮೇಲೆ ಹೊಕ್ಕೈಡೊ ದ್ವೀಪದ ತುತ್ತತುದಿಯ ಸೋಯಾ ಭೂಶಿರದವರೆಗೆ ಹೋಗಿ, ಒಳನಾಡಿನಲ್ಲಿ ಸಪ್ಪೊರೊಗೆ ಇಳಿದೆವು. 41 ದಿನ, ಸುಮಾರು 1,600 ಕಿಲೋಮೀಟರ್. ನನಗೆ 47, ಅವರಿಗೆ 52. ಇಬ್ಬರೂ ಕ್ರೀಡಾಪಟುಗಳಲ್ಲ.

ದಾರಿ ಆರಿಸುವಾಗ ಟೋಕಿಯೊ, ಕ್ಯೋಟೊ, ಹಿರೋಶಿಮಾ ಎಂದು ಮನಸ್ಸು ಎಳೆಯುತ್ತದೆ. ಬೇಸಿಗೆಯಲ್ಲಿ ಬೇಡ. ಹೊನ್ಶು ದ್ವೀಪದ ಮೇಲೆ ಜೂನ್‌ನಿಂದ ಜುಲೈ ನಡುವಿನವರೆಗೂ ‘ತ್ಸುಯು’ ಎಂಬ ಮಳೆಗಾಲ, ಅದು ಮುಗಿದದ್ದೇ 35 ಡಿಗ್ರಿಯ ಅಂಟಂಟು ಸೆಕೆ, ಅದರ ಬೆನ್ನಿಗೆ ಚಂಡಮಾರುತ. ಉತ್ತರಕ್ಕೆ ಹೋದಷ್ಟೂ ಒಳ್ಳೆಯದು. ಹೊಕ್ಕೈಡೊಗೆ ಆ ಮಳೆಗಾಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಶ್ಚಿಮದ ದಂಡೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವುದರಲ್ಲಿ ಇನ್ನೊಂದು ಲಾಭವಿದೆ. ಜಪಾನಿನಲ್ಲೂ ನಮ್ಮ ಹಾಗೆ ಎಡಗಡೆ ಓಡಾಟ. ಹಾಗಾಗಿ ಮಂಗಳೂರಿನಿಂದ ಕಾರವಾರಕ್ಕೆ ಹೋದಂತೆ, ಸಮುದ್ರ ಇಡೀ ದಿನ ನಿಮ್ಮ ಎಡಗೈ ಪಕ್ಕದಲ್ಲೇ ಇರುತ್ತದೆ, ನಡುವೆ ಲಾರಿ ಅಡ್ಡ ಬರುವುದಿಲ್ಲ. ಮುರಕಾಮಿ ದಾಟಿದ ಮೇಲೆ ಸಸಗಾವಾ ನಾಗರೆ ಎಂಬ ಬಂಡೆಗಳ ದಂಡೆ ಬರುತ್ತದೆ. ಅಲ್ಲಿ ಬೆಳಗಿನ ಐದಕ್ಕೆ ಇಡೀ ರಸ್ತೆ ನಮ್ಮಿಬ್ಬರದೇ ಆಗಿತ್ತು.

ಮಳೆಯ ಬಗ್ಗೆ ನನಗೆ ಜಂಬವಿತ್ತು. ಆಗುಂಬೆ ಪಕ್ಕದವರಿಗೆ ತ್ಸುಯು ಏನು ಮಹಾ ಅಂತ. ಮಳೆ ತಡೆದುಕೊಳ್ಳಬಹುದು, ಸಮಸ್ಯೆ ರೇನ್‌ಕೋಟಿನದು: ಹೊರಗಿನ ನೀರು ತಡೆಯುತ್ತದೆ, ಒಳಗಿನ ಬೆವರಲ್ಲಿ ಬೇಯಿಸುತ್ತದೆ. ಮೂರನೇ ದಿನದಿಂದ ಬೆಚ್ಚಗಿನ ಮಳೆಯಲ್ಲಿ ಸುಮ್ಮನೆ ನೆನೆದುಕೊಂಡೇ ತುಳಿದೆವು, ಇಳಿಜಾರಿನಲ್ಲಿ ಮಾತ್ರ ಕೋಟು. ಒಣಗಿದ ಒಂದು ಜೊತೆ ಬಟ್ಟೆಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಜೀವ ಹೋದರೂ ಹಗಲು ಹೊತ್ತು ಬಿಚ್ಚಬಾರದು.

ಈಗ ಗಡಿಯಾರ. ಜುಲೈ ಮೊದಲ ವಾರ ನೀಗಾತದಲ್ಲಿ ಸೂರ್ಯ ಹುಟ್ಟುವುದು ಸುಮಾರು 4.30ಕ್ಕೆ. ಹೊಕ್ಕೈಡೊದ ವಕ್ಕನಾಯ್‌ನಲ್ಲಿ ನಾಲ್ಕಕ್ಕೂ ಮೊದಲೇ. ಮೂರೂವರೆಗೆ ಎದ್ದು ಡೇರೆ ಮಡಚಿ, ನಾಲ್ಕು–ನಾಲ್ಕೂಕಾಲಕ್ಕೆ ಚಕ್ರ ತಿರುಗಬೇಕು. ಏಳಕ್ಕೆ ತಿಂಡಿ. ಹನ್ನೊಂದಕ್ಕೆ ಎಲ್ಲಿದ್ದೀರೋ ಅಲ್ಲಿ ನಿಲ್ಲಬೇಕು, ಗುರಿ ಐದೇ ಕಿಲೋಮೀಟರ್ ಇದ್ದರೂ. ಈ ಲೆಕ್ಕದಲ್ಲಿ ದಿನಕ್ಕೆ 55–60 ಕಿಲೋಮೀಟರ್ ಸಲೀಸು. ಉಳಿದ ಮಧ್ಯಾಹ್ನವನ್ನು ಎಲ್ಲಿ ಕಳೆಯುವುದು ಎಂಬುದೇ ನಿಜವಾದ ಯೋಜನೆ. ಊರಿನ ಲೈಬ್ರರಿ ಇದ್ದರೆ ಅದರಂಥ ಸ್ವರ್ಗವಿಲ್ಲ. ಇಲ್ಲವಾದರೆ ‘ಮಿಚಿ-ನೊ-ಎಕಿ’, ಅಂದರೆ ದಾರಿಬದಿಯ ನಿಲ್ದಾಣ. 1993ರಿಂದ ಶುರುವಾದ ಇವು ಈಗ ದೇಶದಲ್ಲಿ 1,200ಕ್ಕೂ ಹೆಚ್ಚಿವೆ. ಶೌಚಾಲಯ ರಾತ್ರಿಯೂ ತೆರೆದಿರುತ್ತದೆ, ಸುತ್ತಲಿನ ರೈತರ ತರಕಾರಿ, ಹಣ್ಣು ಸಿಗುತ್ತದೆ. ಮೂರನೆಯದು ಬಿಸಿನೀರಿನ ಒನ್ಸೆನ್: ಹಲವು ಕಡೆ ಸ್ನಾನಕ್ಕೆ ಕೊಟ್ಟ ಐನೂರು–ಏಳುನೂರು ಯೆನ್ನಿನಲ್ಲೇ ಚಾಪೆ ಹಾಸಿದ ವಿಶ್ರಾಂತಿ ಕೋಣೆಯೂ ಸೇರಿರುತ್ತದೆ. ಫ್ಯಾನ್ ಕೆಳಗೆ ಅಂಗಾತ ಮಲಗಿ ಗೊರಕೆ ಹೊಡೆದರೂ ಯಾರೂ ಏನೂ ಅನ್ನುವುದಿಲ್ಲ.

ಒನ್ಸೆನ್ ಬಗ್ಗೆ ನಮ್ಮ ಹೆಂಗಸರಿಗೆ ಒಂದು ಮಾತು. ಮೈಮೇಲೆ ನೂಲೂ ಇರಬಾರದು ಎಂದು ತಿಳಿದಾಗ ನಾನು ಬಾಗಿಲಿಂದಲೇ ವಾಪಸು ಬಂದೆ. ಎರಡನೇ ಸಲ ಧೈರ್ಯ ಮಾಡಿದೆ. ಒಳಗೆ ಗಂಡಸರು ಹೆಂಗಸರು ಬೇರೆ ಬೇರೆ. ಯಾರೂ ಯಾರ ಕಡೆಗೂ ನೋಡುವುದಿಲ್ಲ. ಕುಳ್ಳು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲಷ್ಟೇ ನೀರಿಗಿಳಿಯಬೇಕು, ಕೂದಲು ನೀರಿಗೆ ತಾಗಬಾರದು. ಗಂಡ ಆ ಕಡೆ, ನೀವು ಈ ಕಡೆ ಹೋಗುವ ಮುಂಚೆ ಹೊರಗೆ ಬರುವ ಹೊತ್ತು ಗೊತ್ತುಮಾಡಿಕೊಳ್ಳಿ. ನಮ್ಮವರು ಒಮ್ಮೆ ನನಗಾಗಿ ಐವತ್ತು ನಿಮಿಷ ಕಾದರು. ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಜೋಡಿಯಾಗಿ ತುಳಿಯುವ ಕ್ರಮಕ್ಕೆ ಬರೋಣ. ಮೊದಲ ವಾರ ಅವರು ಮುಂದೆ, ನಾನು ಹಿಂದೆ. ಏರು ಹತ್ತಿ ಅವರು ಹತ್ತು ನಿಮಿಷ ಕೂತು ನೀರು ಕುಡಿದು ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತ ತಲುಪಿದ್ದೇ “ಹೊರಡೋಣ್ವಾ?” ಎನ್ನುತ್ತಿದ್ದರು. ಲೆಕ್ಕ ಸರಳ: ಗಟ್ಟಿಗರಿಗೆ ಹತ್ತು ನಿಮಿಷ ವಿಶ್ರಾಂತಿ, ಸೋತವರಿಗೆ ಸೊನ್ನೆ. ಸಕಾತಾದ ನಂತರ ಅದನ್ನು ತಿರುಗಿಸಿದೆವು. ನಿಧಾನದವರು ಯಾವಾಗಲೂ ಮುಂದೆ. ಜೊತೆಗೆ ಭಾರದ ಹಂಚಿಕೆ: ಡೇರೆ, ಒಲೆ, ಪಾನಾ, ಟ್ಯೂಬು ಎಲ್ಲ ಅವರ ಸೈಕಲ್ಲಿಗೆ ಸೇರಿ 17 ಕಿಲೋ, ನನ್ನದು 9. ಹೀಗೆ ಮಾಡಿದ ಮೇಲೆ ವೇಗ ತಾನಾಗಿಯೇ ಸಮವಾಯಿತು. ಅಕ್ಕಪಕ್ಕ ಮಾತಾಡಿಕೊಂಡು ಹೋಗುವ ಆಸೆ ಬಿಡಿ. ಜೋಡಿಯಾಗಿ ಸಾಲು ಕಟ್ಟುವುದು ಅಲ್ಲಿ ಕಾನೂನುಬಾಹಿರ. ಕುತ್ತಿಗೆಗೊಂದು ಸೀಟಿ ಕಟ್ಟಿಕೊಂಡೆವು: ಒಂದು ಊದಿದರೆ ನಿಲ್ಲು, ಎರಡಾದರೆ ನಿಧಾನ. ಕುಡಿದು ತುಳಿದರೆ, ತುಳಿಯುತ್ತ ಫೋನ್ ಹಿಡಿದರೆ ಶಿಕ್ಷೆ ಕಡಿಮೆಯದ್ದಲ್ಲ. ಫೋನಿನ ದಂಡವನ್ನಂತೂ 2024ರ ನವೆಂಬರ್‌ನಿಂದ ಬಿಗಿಗೊಳಿಸಿದ್ದಾರೆ. ನಕ್ಷೆ ನೋಡಬೇಕಾದರೆ ಕಾಲು ಊರಿ ನಿಲ್ಲಿ.

ಸುರಂಗಗಳಿಗೆ ಬೇರೆ ನಿಯಮ. ಆ ದಂಡೆಯಲ್ಲಿ ದಿನಕ್ಕೆ ಎಂಟು–ಹತ್ತು ಸಿಕ್ಕಿದ್ದೂ ಉಂಟು. ಒಳಗೆ ಲಾರಿ ಬಂದರೆ ಸದ್ದು ಎಲ್ಲ ದಿಕ್ಕಿನಿಂದ ಬರುತ್ತದೆ, ಅದು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಸುರಂಗದ ಬಾಯಿಗೆ ಬರುವ ಮುಂಚೆ ನಿಂತು ಕಪ್ಪು ಕನ್ನಡಕ ತೆಗೆಯಿರಿ, ಹಿಂದಿನ ಕೆಂಪು ದೀಪ ಎರಡೂ ಸೈಕಲ್ಲಿನಲ್ಲಿ ಉರಿಯುತ್ತಿದೆಯೇ ನೋಡಿ, ಹೊಳೆಯುವ ಜಾಕೆಟ್ ಹಾಕಿ. ಪಕ್ಕದಲ್ಲಿ ಕಾಲುದಾರಿ ಇದ್ದರೆ ಇಳಿದು ತಳ್ಳಿ. ನಾನು ನಾಚಿಕೆ ಬಿಟ್ಟು ಕಿಲೋಮೀಟರ್‌ಗಟ್ಟಲೆ ತಳ್ಳಿದ್ದೇನೆ.

ಸಸ್ಯಾಹಾರಿಗಳಾದರೆ ಇಲ್ಲಿಂದ ಗಮನವಿಟ್ಟು ಓದಿ. ಮಾಂಸ ಬೇಡ ಎಂದರೆ ಅರ್ಥವಾಗುತ್ತದೆ. ಮೀನಿನ ಸಾರು ‘ದಾಶಿ’ ಬೇಡ ಎನ್ನುವುದು ಅವರ ಊಹೆಗೇ ನಿಲುಕುವುದಿಲ್ಲ. ಸೋಬಾ ಶ್ಯಾವಿಗೆಯ ರಸ, ಮಿಸೊ ಸಾರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದಿರುತ್ತದೆ. ತರಕಾರಿಯದು ಎಂದು ಕೊಟ್ಟ ಕರಿಯಲ್ಲೂ ದನದ ಕೊಬ್ಬಿರಬಹುದು. ಹೋಟೆಲಿನಲ್ಲಿ ಹುಡುಕಾಡಿ ಮುಖ ಸಪ್ಪೆ ಮಾಡಿಕೊಳ್ಳುವ ಬದಲು ನಾವು ಮೊಸರನ್ನಕ್ಕೆ ಶರಣಾದೆವು. ಕೊಂಬಿನಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣ ಸಿಗುತ್ತದೆ, ಅಲ್ಲೇ ಬಿಸಿ ಮಾಡಿಸಿಕೊಳ್ಳಬಹುದು. ಸಿಹಿ ಇಲ್ಲದ ಮೊಸರಿನ 400 ಗ್ರಾಂ ಡಬ್ಬಿ ಸಿಗುತ್ತದೆ. ಕಲಸಿ, ಮೇಲೆ ಒಂದು ಉಮೆಬೋಶಿ ಇಡಿ. ಉಪ್ಪಲ್ಲಿ ಹಾಕಿದ ಈ ಹುಳಿ ಹಣ್ಣು ಅಪ್ಪೆಮಿಡಿಗೆ ಸಮವಲ್ಲ, ಆದರೆ ನೆಂಟಸ್ತಿಕೆ ಇದೆ. ಬೆವರಿ ಹೋದ ಉಪ್ಪನ್ನೂ ಹಿಂತಿರುಗಿಸುತ್ತದೆ. ಕೆಲವು ಬಗೆಯ ಉಮೆಬೋಶಿಗೂ ಮೀನಿನ ಪುಡಿ ಬೆರೆಸಿರುತ್ತಾರೆ, ಆದ್ದರಿಂದ ಫೋನಿನ ಅನುವಾದಕದಿಂದ ಚೀಟಿ ಓದಿಸಿ. ಅವಲಕ್ಕಿ, ಚಟ್ನಿಪುಡಿ, ಬೇಳೆಯನ್ನು ಬೆಂಗಳೂರಿನಿಂದ ಹೊರುವುದು ಬೇಡ. ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಭಾರತೀಯರು ತುಂಬಿದ್ದಾರೆ, ಅಲ್ಲಿನ ನಮ್ಮವರ ಅಂಗಡಿಗಳಲ್ಲಿ ಕೊಂಡು ಮುಂದೆ ಹೊರಡಿ. ಹೊಕ್ಕೈಡೊ ಸೇರಿದರೆ ಚಿಂತೆ ಅರ್ಧ ಕಡಿಮೆ: ಹಾಲು, ಜೋಳದ ತೆನೆ, ಬೆಣ್ಣೆ ಹಾಕಿದ ಆಲೂಗಡ್ಡೆ, ಫುರಾನೊ ಕಡೆ ಕರಬೂಜ.

ಒಲೆಯ ಗ್ಯಾಸನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಮೇಜಿನ ಒಲೆಗೆ ಹಾಕುವ ಉದ್ದನೆಯ ಡಬ್ಬಿ ಅಲ್ಲಿ ಸೂಪರ್‌ಮಾರ್ಕೆಟಿನಲ್ಲೂ ಸಿಗುತ್ತದೆ, ಅದಕ್ಕೆ ಹೊಂದುವ ಒಲೆಯನ್ನೇ ಕೊಳ್ಳಿ. ನೀರಿಗೆ ಕೊರತೆಯಿಲ್ಲ, ನಲ್ಲಿ ನೀರು ಕುಡಿಯಬಹುದು. ಪಾನೀಯದ ಯಂತ್ರಗಳು ಗದ್ದೆಯ ನಡುವೆಯೂ ನಿಂತಿರುತ್ತವೆ. ಸಕ್ಕರೆಯಿಲ್ಲದ ಬಾರ್ಲಿ ಚಹಾ ‘ಮುಗಿಚಾ’ ಕುಡಿಯಿರಿ. ಒಂದೇ ಅಪವಾದ ನೆನಪಿಡಿ. ತೆಶಿಯೊದಿಂದ ವಕ್ಕನಾಯ್‌ಗೆ ಹೋಗುವ 106ನೇ ನಂಬರಿನ ಕಡಲದಂಡೆಯ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ಅಂಗಡಿ ಇಲ್ಲ ಎಂದೇ ಲೆಕ್ಕ. ನಾವು ತಲಾ ನಾಲ್ಕು ಲೀಟರ್ ಹೊತ್ತೆವು. ಎಡಗಡೆ ಸಮುದ್ರದಿಂದ ನೇರ ಎದ್ದು ನಿಂತ 1,721 ಮೀಟರ್ ಎತ್ತರದ ರಿಶಿರಿ ಬೆಟ್ಟ ಇಡೀ ದಿನ ಜೊತೆಗಿತ್ತು. ಆ ಒಂದು ದಿನಕ್ಕಾಗಿ ಸಕಾತಾದ ಮಧ್ಯಾಹ್ನವನ್ನು ಮನ್ನಿಸಿದ್ದೇನೆ.

ನಾಲ್ಕು ಗಂಟೆಯ ನಿಯಮ ಮುರಿಯಬೇಕಾದದ್ದು ಕರಡಿಗಳ ಸಲುವಾಗಿ. ಹೊಕ್ಕೈಡೊದ್ದು ದೊಡ್ಡ ಕಂದು ಕರಡಿ. ಅಕಿತಾ ಕಡೆಯೂ ಕರಡಿಗಳು ಊರೊಳಗೆ ಬರುವುದುಂಟು. ಮುಂಜಾವು, ಮುಸ್ಸಂಜೆ ಅವು ಓಡಾಡುವ ಹೊತ್ತು. ಕಾಡಿನ ದಾರಿಯಿದ್ದ ದಿನ ಆರಕ್ಕೆ ಹೊರಟೆವು, ಸೈಕಲ್ಲಿಗೆ ಗಂಟೆ ಕಟ್ಟಿಕೊಂಡು. ನಮ್ಮೂರಿನ ದನಗಳ ಕೊರಳ ಗಂಟೆಯ ಸದ್ದೇ ಅದು. ಹೊಕ್ಕೈಡೊದಲ್ಲಿ ತಂಪು ಇರುವುದರಿಂದ ತಡವಾಗಿ ಹೊರಟರೂ ನಡೆಯುತ್ತದೆ. ಡೇರೆಯೊಳಗೆ ತಿನಿಸು ಇಡಬೇಡಿ, ಮತ್ತು ಕ್ಯಾಂಪಿನ ಕಚೇರಿಯಲ್ಲಿ ಹಿಂದಿನ ದಿನ ಎಲ್ಲಿ ಕರಡಿ ಕಂಡಿತೆಂದು ಕೇಳಿ. ನಮ್ಮನ್ನು ಕರಡಿ ಕಚ್ಚಲಿಲ್ಲ. ಕಚ್ಚಿದ್ದು ‘ಅಬು’ ಎಂಬ ಕುದುರೆನೊಣ, ಲೆಗ್ಗಿಂಗ್ಸ್ ಮೇಲಿಂದಲೇ, ನೂರಾರು ಸಲ. ಏರಿನಲ್ಲಿ ನೀವು ನಿಧಾನವಾದಾಗ ಗುಂಪಾಗಿ ಬಂದು ಕೂರುತ್ತವೆ.

ಮಲಗುವ ವ್ಯವಸ್ಥೆ: ಹೊಕ್ಕೈಡೊದಲ್ಲಿ ಉಚಿತದಿಂದ ಸಾವಿರ ಯೆನ್ ಆಸುಪಾಸಿನ ಡೇರೆ ಜಾಗಗಳು ಧಾರಾಳ. ಆದರೂ ಎರಡು ರಾತ್ರಿ ಡೇರೆಯಾದರೆ ಮೂರನೆಯದು ಏಸಿ ಇರುವ ಹೋಟೆಲ್ ಎಂದು ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಹಣ ಉಳಿಸುವ ಹುರುಪಿನಲ್ಲಿ ನಾವು ಐದು ರಾತ್ರಿ ಎಳೆದೆವು, ಆರನೆಯ ದಿನ ಟೂತ್‌ಪೇಸ್ಟಿನ ಮುಚ್ಚಳದ ವಿಚಾರಕ್ಕೆ ಜಗಳವಾಯಿತು. ಆಗಸ್ಟ್ 13ರಿಂದ 16 ಒಬೊನ್ ಹಬ್ಬ, ಇಡೀ ದೇಶ ಊರಿಗೆ ಹೊರಡುತ್ತದೆ, ಕೋಣೆ ಸಿಗುವುದಿಲ್ಲ, ಅಷ್ಟರೊಳಗೆ ಮುಗಿಸಿ.

ಸೈಕಲ್ ಬಗ್ಗೆ ಕಡಿಮೆಯೇ ಹೇಳುತ್ತೇನೆ. ಗೇರು ಆದಷ್ಟು ಚಿಕ್ಕದಿರಲಿ, ಟೈರು 35 ಮಿಲಿಮೀಟರಿಗಿಂತ ತೆಳ್ಳಗಿರದಿರಲಿ, ಪಂಪು ನಿಮ್ಮದೇ ಇರಲಿ. ಅಲ್ಲಿನ ಮನೆಮನೆಯ ಸೈಕಲ್ಲಿಗೆ ನಮ್ಮ ಹಳೇ ಅಟ್ಲಾಸಿನಂಥದ್ದೇ ವಾಲ್ವು. ಎರವಲು ಪಂಪು ನಿಮ್ಮ ಟ್ಯೂಬಿಗೆ ಕೂರದಿರಬಹುದು.

ರೈಲಿನಲ್ಲಿ ಸೈಕಲ್ ಒಯ್ಯಲು ‘ರಿಂಕೋ’ ಚೀಲ ಬೇಕೇ ಬೇಕು. ಚಕ್ರ ಬಿಚ್ಚಿ ಕಟ್ಟಿ ಇಡೀ ಸೈಕಲ್ ಚೀಲದೊಳಗೆ ಮುಚ್ಚಬೇಕು, ಒಂದಿಂಚೂ ಹೊರಗೆ ಕಾಣಬಾರದು. ಟೋಕಿಯೊದಲ್ಲಿ ನಮ್ಮವರ ಹ್ಯಾಂಡಲ್ ಇಣುಕುತ್ತಿತ್ತು. ಸ್ಟೇಷನ್ನಿನವರು ನಾಲ್ಕು ಸಲ ತಲೆ ಬಾಗಿಸಿ ಕ್ಷಮೆ ಕೇಳಿದರು, ಆದರೆ ಒಳಗೆ ಬಿಡಲಿಲ್ಲ. ನಾನು ದುಪಟ್ಟಾ ಕಟ್ಟಿ ಮುಚ್ಚಿದ ಮೇಲೆ ಬಿಟ್ಟರು. ಮನೆಯಲ್ಲೇ ಹತ್ತು ಸಲ ಬಿಚ್ಚಿ ಕಟ್ಟಿ ಅಭ್ಯಾಸ ಮಾಡಿ, ಅರ್ಧ ಗಂಟೆಯೊಳಗೆ ಮುಗಿಯಬೇಕು. ನೀಗಾತಕ್ಕೆ ಹೋಗುವ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಡಬ್ಬಿಯ ಕಟ್ಟಕಡೆಯ ಸಾಲಿನ ಸೀಟು ಕೇಳಿ ಪಡೆಯಿರಿ, ಬೆನ್ನ ಹಿಂದೆ ಎರಡು ಚೀಲ ನಿಲ್ಲುವಷ್ಟು ಜಾಗವಿರುತ್ತದೆ. ಆಫೀಸಿಗೆ ಹೋಗುವ ಹೊತ್ತಿನಲ್ಲಿ ಟೋಕಿಯೊದ ಲೋಕಲ್ ರೈಲಿನ ಹತ್ತಿರವೂ ಸುಳಿಯಬೇಡಿ.

ಬೆಂಗಳೂರಿನಿಂದ ಸೈಕಲ್ ತುಂಬಿ ತಂದ ರಟ್ಟಿನ ಪೆಟ್ಟಿಗೆಯನ್ನು ನಲವತ್ತು ದಿನ ಯಾರೂ ಇಟ್ಟುಕೊಳ್ಳುವುದಿಲ್ಲ. ಸಪ್ಪೊರೊ ತಲುಪಿದ ದಿನವೇ ಸೈಕಲ್ ಅಂಗಡಿಗೆ ಹೋಗಿ ಹಳೆಯ ಪೆಟ್ಟಿಗೆ ಬೇಕೆಂದು ಕೇಳಿ. ಎರಡು ಬೇಕು ಎಂದು ಬೆರಳು ತೋರಿಸಿ ಹೇಳಿ. ನಾವು ಪೆಟ್ಟಿಗೆ ಬೇಕು ಎಂದಷ್ಟೇ ಹೇಳಿ ಬಂದಿದ್ದರಿಂದ ಒಂದನ್ನೇ ತೆಗೆದಿಟ್ಟಿದ್ದರು. ಎರಡನೆಯದಕ್ಕಾಗಿ ನಾನು ಮತ್ತು ನಮ್ಮವರು ಮಳೆಯಲ್ಲಿ ಊರಿನ ಇನ್ನೊಂದು ತುದಿಗೆ ನಡೆದು, ಆ ರಟ್ಟನ್ನು ತಲೆಯ ಮೇಲೆ ಹೊತ್ತುಕೊಂಡು ವಾಪಸು ಬಂದೆವು.