ಗಾದೆಗೆ ಇಂಗ್ಲಿಷ್ ಜೋಡಿ ಹುಡುಕುವುದು ಹೇಗೆ?

ಕನ್ನಡ ಕಥೆಯನ್ನು ಇಂಗ್ಲಿಷಿಗೆ ತರುವವರನ್ನು ಗಾದೆಯಷ್ಟು ಸತಾಯಿಸುವುದು ಬೇರೊಂದಿಲ್ಲ. ಬೆಟ್ಟ, ಕೆಸರು, ಮೊಸರು ಎಂದು ಪದ ಹಿಡಿದು ನಿಘಂಟು ತಡಕಿದರೆ ಏನೂ ಕೈಗೆ ಹತ್ತುವುದಿಲ್ಲ.

ಮೊದಲು ಆ ಗಾದೆಯನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬುದು ಕೆಲಸ ಬಾರದವರು ನೆಪ ಹೇಳಿದಾಗ ಆಡುವ ಮಾತು. ಇಷ್ಟು ಸ್ಪಷ್ಟವಾದರೆ ‘ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್’ ತಾನಾಗಿ ಹೊಳೆಯುತ್ತದೆ. ಕುಣಿತ ಹೋಗಿ ಹತಾರ ಬಂದರೂ ಚುಚ್ಚು ಹಾಗೆಯೇ ಉಳಿದಿದೆ. ಹೊಳೆಯದಿದ್ದರೆ ಆಕ್ಸ್‌ಫರ್ಡ್ ಗಾದೆ ಕೋಶದ ವಿಷಯವಾರು ಸೂಚಿಯನ್ನು ತೆರೆಯಿರಿ.

ಸಿಕ್ಕಿದ್ದನ್ನು ಒರೆಗೆ ಹಚ್ಚದೆ ಒಪ್ಪಿಕೊಳ್ಳಬೇಡಿ. ‘ದೂರದ ಬೆಟ್ಟ ನುಣ್ಣಗೆ’ ಎಂಬುದಕ್ಕೆ ಆಚೆ ಬೇಲಿಯ ಹುಲ್ಲು ಹೆಚ್ಚು ಹಸಿರು ಎನ್ನುವ ಇಂಗ್ಲಿಷ್ ಗಾದೆಯನ್ನು ಹಾಕಿಬಿಡುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಅದು ನೆರೆಯವರ ಪಾಲಿನದನ್ನು ಕಂಡು ಆಸೆಪಡುವವರ ಕುರಿತ ಮಾತು. ನಮ್ಮ ಗಾದೆಯಲ್ಲಿ ಕರುಬುವಿಕೆ ಇಲ್ಲ. ಹತ್ತಿರ ಹೋದರೆ ಕಲ್ಲುಮುಳ್ಳು ಕಂಡೀತು ಎಂಬ ಎಚ್ಚರಿಕೆಯಿದೆ. ಇದಕ್ಕೆ ಸರಿಹೊಂದುವುದು ‘ಡಿಸ್ಟನ್ಸ್ ಲೆಂಡ್ಸ್ ಎನ್‌ಚಾಂಟ್‌ಮೆಂಟ್ ಟು ದ ವ್ಯೂ’. ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್ 1799ರಲ್ಲಿ ಪ್ರಕಟಿಸಿದ ಕವಿತೆಯಿಂದ ಜನರ ಬಾಯಿಗೆ ಬಂದ ಸಾಲು ಇದು. ಮರುಸಾಲಿನಲ್ಲಿ ಬೆಟ್ಟವೇ ಇದೆ! ದೂರವು ಬೆಟ್ಟಕ್ಕೆ ನೀಲಿಯ ಉಡುಗೆ ತೊಡಿಸುತ್ತದೆ ಎನ್ನುತ್ತಾನೆ ಕವಿ. ಇಂಥ ಜೋಡಿ ಸಿಕ್ಕಿದ ದಿನ ಹುಡುಕಿದ ಶ್ರಮವೆಲ್ಲ ಮರೆತುಹೋಗುತ್ತದೆ.

ಆದರೂ ಮಾತನಾಡುವವರು ಯಾರೆಂದು ನೋಡಿ. ಪ್ರಬಂಧದಲ್ಲಿ ಒಪ್ಪುವ ಆ ಸಾಲು ಹಳ್ಳಿಯ ಅಜ್ಜಿಯ ಬಾಯಲ್ಲಿ ಪುಸ್ತಕದ ಮಾತಾಗುತ್ತದೆ. ಅಜ್ಜಿಗೆ ಗಿಡ್ಡ ಮಾತು, ಸಾಧ್ಯವಾದರೆ ಪ್ರಾಸವಿರುವ ಮಾತು ಬೇಕು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದಕ್ಕೆ ‘ನೋ ಪೇನ್, ನೋ ಗೇನ್’ ಒಗ್ಗುವುದು ಅರ್ಥದಿಂದ ಮಾತ್ರವಲ್ಲ, ಕಿವಿಗೆ ಬೀಳುವ ಆ ಪ್ರಾಸದಿಂದಲೂ.

ಇಂಗ್ಲಿಷಿನಲ್ಲೇ ಎರಡರ್ಥವಿರುವ ಗಾದೆಗಳಿಂದ ದೂರವಿರಿ. ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ ಎಂಬುದು ಕೆಲವರಿಗೆ ಬೈಗುಳ, ಕೆಲವರಿಗೆ ಹೊಗಳಿಕೆ.

ಜೋಡಿಯೇ ಸಿಗದಿದ್ದರೆ ಒತ್ತಾಯದಿಂದ ಕೂಡಿಸಬೇಡಿ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದಕ್ಕೆ ಪ್ರೇಮಿಗಳ ಮುನಿಸಿನ ಕುರಿತ ಇಂಗ್ಲಿಷ್ ಗಾದೆ ತಂದರೆ ಊಟವೂ ಹೋಯಿತು, ಸಂಸಾರವೂ ಹೋಯಿತು. ಇದನ್ನು ಇದ್ದಂತೆಯೇ ಇಂಗ್ಲಿಷಿಗೆ ಇಳಿಸಿ. ‘ನಮ್ಮ ಕಡೆ ಹೇಳುವಂತೆ’ ಎಂಬ ಎರಡು ಮಾತು ಮುಂದೆ ಸೇರಿಸಿದರೆ ಸಾಕು, ಅಡಿಟಿಪ್ಪಣಿ ಬೇಕಾಗುವುದಿಲ್ಲ.