ಮೇನ್ ಸ್ವಿಚ್ ತೆಗೆದ್ರೆ ಗಂಟೆನೂ ಬಾಯಿ ಮುಚ್ಕೊಳ್ತು

ನಾನು ವೈರಿಂಗ್ ಕೆಲಸದವನು, ಮುಂಬೈಗೆ ಬಂದಿದ್ದು ಹೋಟೆಲ್ ಹುಡುಗನಾಗಿ, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೇಲಿ ಓದಿ ಆಮೇಲೆ ಐಟಿಐ ಮಾಡಿದ್ದು. ಅದೇ ತರದ ಒಂದು ಕನ್ನಡ ಶಾಲೆ ಕಮಿಟಿಯವ್ರು, ಸೆಂಟ್ರಲ್ ರೈಲ್ವೆ ಲೈನ್ ಕಡೆ, ಮೂರು ಮಹಡಿ ಹಳೇ ಬಿಲ್ಡಿಂಗು, ಒಂದಿನ ಕರೆದು "ಸ್ವಲ್ಪ ನಮ್ಮ ಅಲಾರಂ ನೋಡಪ್ಪ" ಅಂದ್ರು. ಹೋದೆ. ಅಲಾರಂ ಅಂದ್ರೆ ಏನು ಅಂತೀರಾ, ಪೀರಿಯಡ್ ಬೆಲ್ಲೇ ಅಲಾರಂ! ಉದ್ದಕ್ಕೆ ಹೊಡೆದ್ರೆ ಎಮರ್ಜೆನ್ಸಿ ಅಂತೆ.

ಸರಿ, ಒಂದು ಡ್ರಿಲ್ ಮಾಡೋಣ ಅಂದೆ. ಬೆಂಕಿ ಬಿದ್ರೆ ಮೇನ್ ಸ್ವಿಚ್ ತೆಗೆಯೋದೂ ಒಂದು ಕೆಲಸ. ಪ್ಯೂನ್ ಮಾಮ ಪಾಪ ಹೇಳಿದ್ದೇ ತಡ ಓಡಿಹೋಗಿ ತೆಗೆದೇಬಿಟ್ರು, ಇತ್ತ ಹೆಡ್ ಮೇಡಂ ಬೆಲ್ಲಿನ ಬಟನ್ ಒತ್ತಿದ್ರೆ ಕುಂಯ್ ಅನ್ನಲಿಲ್ಲ. 230 ವೋಲ್ಟಿನ ಬೆಲ್ಲು, ಕರೆಂಟಿಲ್ಲದೆ ಎಲ್ಲಿಂದ ಹೊಡೆಯುತ್ತೆ. ಮೂರನೇ ಮಹಡಿ ಮಕ್ಕಳು ಕತ್ತಲಾಯ್ತು ಅಂತ ಹೋ ಅಂತ ಕೂಗ್ತಾ ಕೂತಿದ್ವು, ಒಬ್ರೂ ಕೆಳಗೆ ಬರಲಿಲ್ಲ. ಕಮಿಟಿಯ ಮುಖ ನೋಡಬೇಕಿತ್ತು ಆವಾಗ.

ಮೇನ್ ಮತ್ತೆ ಹಾಕಿದ ಮೇಲೆ ನಾನು ಇನ್ನೊಂದು ನೋಡಿದೆ, ಗೋಡೆ ಮೇಲೆ ಕೆಂಪು ಡಬ್ಬಿಗಳು ಇದಾವಲ್ಲ, ಗಾಜು ಒಡೆದು ಒತ್ತೋವು, ನಾವು ಎಂಸಿಪಿ ಅಂತೀವಿ. ಹಾಗಾದ್ರೆ ಪ್ಯಾನಲ್ಲೂ, ಅಂದ್ರೆ ಆ ಡಬ್ಬಿಗಳ ವೈರೆಲ್ಲ ಬಂದು ಸೇರೋ ಕಂಟ್ರೋಲ್ ಪೆಟ್ಟಿಗೆನೂ ಇರಬೇಕಲ್ಲ? ಇತ್ತು, ಆಫೀಸಿನ ಬೀರು ಹಿಂದೆ, ಹಸಿರು ಲೈಟ್ ಉರೀತಾ ಆರಾಮಾಗಿ. ಯಾವುದೋ ಕಂಪನಿ ಕೆಲವು ವರ್ಷದ ಹಿಂದೆ ಹಾಕಿ ಹೋಗಿದ್ದು, ಹೆಸರು ಬೇಡ. ಹಸಿರು ಇದೆ ಅಂದ್ರೆ ಎಲ್ಲ ಸರಿ ಅಂತ ಇವ್ರ ಲೆಕ್ಕ. ನಾನು ಮೇಲಿನ ಮಹಡಿ ಡಬ್ಬಿ ಒತ್ತಿದೆ, ಏನೂ ಇಲ್ಲ. ಹಸಿರು ಹಾಗೇ ಉರೀತಿದೆ!

ಪ್ಯಾನಲ್ ಬಿಚ್ಚಿದಾಗ ಗೊತ್ತಾಯ್ತು. ಈ ಲೈನಿನ ಕೊನೇ ಡಬ್ಬೀಲಿ ಒಂದು ಸಣ್ಣ ರೆಸಿಸ್ಟರ್ ಹಾಕಬೇಕು, ಎಂಡ್ ಆಫ್ ಲೈನ್ ಅಂತ, ಅದರ ಮೂಲಕ ಸಣ್ಣ ಕರೆಂಟು ಸದಾ ಹರೀತಾ ಇರುತ್ತೆ, ನಡುವೆ ಎಲ್ಲಾದ್ರೂ ವೈರ್ ಕಟ್ಟಾದ್ರೆ ಅದು ನಿಂತುಹೋಗಿ ಪ್ಯಾನಲ್ಲಲ್ಲಿ ಫಾಲ್ಟ್ ಲೈಟ್ ಹತ್ತುತ್ತೆ. ಆ ಪುಣ್ಯಾತ್ಮರು ಮೂರು ಮಹಡಿ ಹತ್ತೋ ಸೋಮಾರಿತನಕ್ಕೆ ರೆಸಿಸ್ಟರನ್ನ ಪ್ಯಾನಲ್ಲಿನ ಟರ್ಮಿನಲ್ಲಿಗೇ ಸಿಕ್ಕಿಸಿದ್ರು. ಅಂದ್ರೆ ಹೊರಗೆ ವೈರೇ ಇಲ್ಲದಿದ್ರೂ ಪ್ಯಾನಲ್ಲು "ನಾನು ಚೆನ್ನಾಗಿದೀನಿ" ಅಂತಾನೇ ಹೇಳುತ್ತೆ. ಎರಡನೇ ಮಹಡಿ ಫಾಲ್ಸ್ ಸೀಲಿಂಗಲ್ಲಿ ಇಲಿ ವೈರ್ ಕಡಿದು ಎಷ್ಟು ಕಾಲ ಆಗಿತ್ತೋ ದೇವರೇ ಬಲ್ಲ.

ಕಾಗದದಲ್ಲಿ ಮಾತ್ರ ಎಲ್ಲ ಇದೆ ನೋಡಿ. ಮಹಾರಾಷ್ಟ್ರದ 2006ರ ಫೈರ್ ಕಾನೂನಿನಲ್ಲಿ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ, ಲೈಸೆನ್ಸ್ ಇರೋ ಏಜೆನ್ಸಿಯಿಂದ ಫಾರಂ ಬಿ, ಅಂದ್ರೆ ಬೆಂಕಿ ಸಾಮಾನೆಲ್ಲ ಸರಿಯಾಗಿ ಕೆಲಸ ಮಾಡ್ತಿದೆ ಅನ್ನೋ ಸರ್ಟಿಫಿಕೇಟು, ಕೊಡಿಸಬೇಕು. ತಮಿಳುನಾಡಿನ ಕುಂಭಕೋಣಂ ಶಾಲೇಲಿ 2004ರ ಜುಲೈ 16ಕ್ಕೆ ಬಿಸಿಯೂಟದ ಅಡುಗೆಮನೆ ಬೆಂಕಿ ಹುಲ್ಲು ಮಾಡಿಗೆ ಹತ್ತಿ 94 ಮಕ್ಕಳು ಹೋದ್ರಲ್ಲ, ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲಾ ಶಾಲೆಗೂ ಹೇಳಿದೆ, ಪ್ರತಿ ಮಹಡಿಗೂ ಫೈರ್ ಅಲಾರಂ, ಹಳ್ಳಿ ಶಾಲೆಯಾದ್ರೆ ಬೇರೇನೇ ಲಾಂಗ್ ಬೆಲ್, ಜೊತೆಗೆ ಮಾಕ್ ಡ್ರಿಲ್. ಕಡ್ಡಾಯ ಮಾಡಿದ್ದು ಸರೀನೇ, ನಾನು ಬೇಡ ಅನ್ನಲ್ಲ. ಆದ್ರೆ ಚೆಕ್ ಮಾಡೋಕೆ ಬಂದವನು ಆಫೀಸಲ್ಲಿ ಹಸಿರು ಲೈಟ್ ನೋಡಿ ಚಾ ಕುಡಿದು ಸೈನ್ ಹಾಕಿದ್ರೆ ಏನುಪಯೋಗ, ಅತಿ ದೂರದ ಡಬ್ಬಿ ಒತ್ತಿಸಿ ಕಿವಿಯಾರೆ ಕೇಳಿಸ್ಕೊಂಡು ಹೋಗಬೇಕು, ಅದನ್ನ ಕಡ್ಡಾಯ ಮಾಡಿ.

ಕೆಲಸ ದೀಪಾವಳಿ ರಜೇಲಿ ಮಾಡಿದ್ವಿ. ಬೆಂಕಿಗೆ ಬೇಗ ಉರಿಯದ ಎಫ್‌ಆರ್‌ಎಲ್‌ಎಸ್ ಕೇಬಲ್ಲು, ಪೈಪಿನ ಒಳಗೆ, ಪ್ಯಾನಲ್ಲಿಗೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಲ್ಲಿ ಹಾಕಿ 24, ಮೇನ್ ತೆಗೆದ್ರೂ ಹೂಟರ್ ಕಿರುಚುತ್ತೆ. ರೆಸಿಸ್ಟರನ್ನ ಕೊನೇ ಡಬ್ಬೀಲಿ ನಾನೇ ಕೈಯಾರೆ ಹಾಕಿದೆ. ಟೆರೇಸ್ ಮೆಟ್ಟಿಲ ಹತ್ರದ ಡಬ್ಬಿಗೆ ಮಳೆ ನೀರು ಇಳಿದು ಜೂನಲ್ಲಿ ಒಂದ್ಸಲ ಸುಮ್ಸುಮ್ನೆ ಹೊಡ್ಕೊಂಡಿತು, ಪಕ್ಕದ ಚಾಳಿನವ್ರೆಲ್ಲ "ಕಾಯ್ ಝಾಲಂ", ಏನಾಯ್ತು ಅಂತ ಓಡಿಬಂದ್ರು, ಆಮೇಲೆ ಅದನ್ನ ಒಳಗೋಡೆಗೆ ಸರಿಸಿದೆ.

ಜಗಳ ಆಗಿದ್ದು ಸದ್ದಿನ ವಿಷಯಕ್ಕೆ. ಯಾರಾದ್ರೂ ನುಗ್ಗಿದ್ರೂ ಇದೇ ಹೂಟರ್ ಹೊಡೆಯೋಣ, ಒಂದೇ ಬಟನ್ ಸಾಕು ಅಂದ್ರು ಖಜಾಂಚಿ. ನಾನು ಆಗಲ್ಲ ಅಂದೆ. ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೇಲಿ 2018ರ ಫೆಬ್ರವರಿ 14ಕ್ಕೆ 17 ಜನ ಸತ್ರಲ್ಲ, ಅಲ್ಲಿ ಗುಂಡಿನ ಹೊಡೆತಕ್ಕೆ ಎದ್ದ ಧೂಳಿಗೆ ಫೈರ್ ಅಲಾರಂ ಹೊಡೆದು, ಮೇಲಿನ ಮಹಡಿ ಮಕ್ಕಳು ಬೆಂಕಿ ಅಂದ್ಕೊಂಡು ಕ್ಲಾಸಿಂದ ಕಾರಿಡಾರಿಗೆ ಬಂದುಬಿಟ್ರು. ಅಲ್ಲಿ ಸತ್ತ ಅಲಿಸ್ಸಾ ಅನ್ನೋ 14ರ ಹುಡುಗಿ ಹೆಸರಲ್ಲೇ ನ್ಯೂಜೆರ್ಸಿಯಲ್ಲಿ 2019ಕ್ಕೆ, ಫ್ಲೋರಿಡಾದಲ್ಲಿ 2020ಕ್ಕೆ ಕಾನೂನು ಬಂತು. ನ್ಯೂಜೆರ್ಸಿದು ಸದ್ದೇ ಮಾಡದ ಬಟನ್, ನೇರ ಪೊಲೀಸರಿಗೆ ಹೋಗುತ್ತೆ. ನಮ್ಮ ಬಜೆಟ್ಟಿಗೆ ಅದೆಲ್ಲ ಎಲ್ಲಿ, ಆಫೀಸಲ್ಲೂ ಸ್ಟಾಫ್ ರೂಮಲ್ಲೂ ಒಂದೊಂದು ಲೈಟ್ ಹತ್ತೋ ಹಾಗೆ ಬೇರೆ ಬಟನ್ ಮಾಡಿದೆ, ನೋಡಿದ ಟೀಚರ್ 112ಕ್ಕೆ ಫೋನ್ ಮಾಡೋದು, ಉಳಿದವ್ರು ಕ್ಲಾಸ್ ಬಾಗಿಲು ಹಾಕೋದು. ಹೂಟರ್ ಅಂದ್ರೆ ಹೊರಗೆ, ಲೈಟ್ ಅಂದ್ರೆ ಒಳಗೆ, ಇಷ್ಟೇ.

ಪ್ಯೂನ್ ಮಾಮ ಅದರ ಮೇಲೆ ತಮ್ಮದೂ ಒಂದು ಸೇರಿಸಿದ್ರು. ಗುಜರಿಯಿಂದ ರೈಲು ಕಂಬಿ ತುಂಡು ತಂದು ಮೆಟ್ಟಿಲ ಬುಡದಲ್ಲಿ ನೇತುಹಾಕಿದ್ರು, ಊರ ಶಾಲೇಲಿ ಇರ್ತಿತ್ತಲ್ಲ ಹಾಗೇ. ನಾನು ನಕ್ಕಿದ್ದೆ, ಈಗ ನಗಲ್ಲ, ಅದಕ್ಕೆ ಬ್ಯಾಟರಿ ಬೇಡ.

ಈಗ ತಿಂಗಳ ಮೊದಲ ಶನಿವಾರ ಒಂದೊಂದು ಡಬ್ಬಿ ಸರದಿ ಮೇಲೆ ಕೀ ಹಾಕಿ ಟೆಸ್ಟು, ರಾತ್ರಿ ಶಾಲೆಗೂ ಸೇರಿಸಿ, ಮಾಮ ನೋಟ್‌ಬುಕ್ಕಲ್ಲಿ ಬರೀತಾರೆ. ಹೋದ ಸಲ ಮೇನ್ ತೆಗೆದು ಒತ್ತಿದಾಗ ಹೂಟರ್ ಗಂಟಲು ಕಟ್ಟಿದ ಹಾಗೆ ಕೂಗ್ತು, ಮೀಟರ್ ಇಟ್ಟು ನೋಡಿದ್ರೆ ಒಂದು ಬ್ಯಾಟರಿ 9 ವೋಲ್ಟಿಗೆ ಇಳಿದಿದೆ. ಹೊಸ ಜೊತೆ ತರೋಕೆ ಖಜಾಂಚಿಗೆ ಚೀಟಿ ಕೊಟ್ಟಿದೀನಿ, ಇನ್ನೂ ಸೈನ್ ಆಗಿಲ್ಲ.